ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು ಎಂದು ಅಭಿಪ್ರಾಯ ಹೇಳಲು ಅಮೆರಿಕನ್ ಫುಟ್‌ಬಾಲ್ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ. ಇದ್ದಿದ್ದರೆ ಕ್ಯಾಲಿಫೋರ್ನಿಯಾದ ನಮ್ಮ ಸನಿವೇಲಿನ ಭಾನುವಾರದ ಮಧ್ಯಾಹ್ನಗಳಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಇಲ್ಲಿ ಐದಾರು ಮಂದಿ ಕನ್ನಡಿಗರು ಸೇರಿದರೆ ಮೊದಲು ಮನೆಗಳ ಬೆಲೆ, ಆಮೇಲೆ ಗ್ರೀನ್ ಕಾರ್ಡು, ಆಮೇಲೆ ಬೆಂಗಳೂರಿನ ಟ್ರಾಫಿಕ್ಕು. ಈ ಮೂರೂ ಮುಗಿದ ಮೇಲೆ ಉಳಿಯುವುದು ಫಾರ್ಟಿ ನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕು. ಮೊದಲ ಮೂರಕ್ಕೆ ಪರಿಹಾರವಿಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಯಾರ ದನಿಯೂ ಏರುವುದಿಲ್ಲ. ನಾಲ್ಕನೆಯದಕ್ಕೆ ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಪರಿಹಾರವಿದೆ.

ಹೆಸರಿಗೆ ಅದು ಸ್ಯಾನ್ ಫ್ರಾನ್ಸಿಸ್ಕೋದ ತಂಡ. 1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರ ನೆನಪಿಗೆ ಇಟ್ಟ ಹೆಸರು. ಆದರೆ 2014ರಿಂದ ಅವರು ಆಡುವುದು ಆ ನಗರದಿಂದ ನಲವತ್ತು ಮೈಲಿ ದಕ್ಷಿಣಕ್ಕೆ, ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಮ್ಮಿನಲ್ಲಿ, ಅಂದರೆ ಚಿನ್ನ ಹುಡುಕಿಕೊಂಡು ಬಂದ ಇನ್ನೊಂದು ಪೀಳಿಗೆಯ ಅಪಾರ್ಟ್‌ಮೆಂಟುಗಳ ಮಗ್ಗುಲಲ್ಲೇ. ಹಾಗಾಗಿ ನಾವು ಅವರನ್ನು ಆರಿಸಿಕೊಂಡೆವು ಎನ್ನುವುದಕ್ಕಿಂತ ಅವರೇ ನಮ್ಮ ಬಡಾವಣೆಗೆ ಬಂದು ಸೇರಿಕೊಂಡರು ಎನ್ನಬಹುದು. ಬಡಾವಣೆಗೆ ಬಂದವರ ಮನೆವಾರ್ತೆಯಲ್ಲಿ ಮೂಗು ತೂರಿಸುವುದು ನಮ್ಮ ಹಕ್ಕು.

ನಮ್ಮ ಗುಂಪಿನಲ್ಲಿ ಧಾರವಾಡದವರೊಬ್ಬರಿದ್ದಾರೆ. ಕೆಲಸ ಚಿಪ್ ಕಂಪನಿಯಲ್ಲಿ, ಮಾತು ಮಾತ್ರ ಇನ್ನೂ ಸಪ್ತಾಪುರದ್ದೇ. ಮೈಸೂರಿನ ಗೆಳೆಯನೊಬ್ಬ ಅಂಕಿ-ಅಂಶಗಳ ಪಂಡಿತ. ಇಡ್ಲಿ ಕೊಟ್ಟರೂ ಸರಾಸರಿ ತೆಗೆದೇ ತಿನ್ನುವವನು. ನನ್ನ ಹೆಂಡತಿ ಅಡುಗೆಮನೆಗೂ ಟಿವಿಗೂ ನಡುವೆ ಎಲ್ಲೋ ನಿಂತು, ಯಾರೂ ನೋಡದ ಜಾಗವನ್ನೇ ನೋಡುತ್ತಿರುತ್ತಾಳೆ. ನಾನು ಹಾಸನದವನು, ಮನೆ ಯಜಮಾನ ಎಂಬ ಕಾರಣಕ್ಕೆ ರಿಮೋಟು ನನ್ನ ಕೈಲಿರುತ್ತದೆ. ಅಧಿಕಾರ ಅಷ್ಟಕ್ಕೇ ಮುಗಿಯುತ್ತದೆ.

ಆಟ ನೋಡದವರಿಗೆ ಎರಡು ಮಾತು. ತಂಡಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಚೆಂಡನ್ನು ಹತ್ತು ಗಜ ಮುಂದೊಯ್ದರೆ ಇನ್ನು ನಾಲ್ಕು ಯತ್ನ ಸಿಗುತ್ತದೆ. ಹೀಗೆ ಎದುರಾಳಿಯ ಗೆರೆ ದಾಟುವ ತನಕ; ದಾಟಿದರೆ ಟಚ್‌ಡೌನ್. ಹೆಚ್ಚುಕಡಿಮೆ ಪ್ರತಿ ಯತ್ನವೂ ಕ್ವಾರ್ಟರ್‌ಬ್ಯಾಕಿನ ಕೈಯಿಂದಲೇ ಶುರು. ಏನು ಮಾಡಬೇಕೆಂದು ಕೋಚ್ ಅವನ ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಲ್ಲಿ ಹೇಳುತ್ತಿರುತ್ತಾನೆ. ಯತ್ನ ಶುರುಮಾಡಲು ಕೊಟ್ಟ ಗಡುವಿನ ಗಡಿಯಾರದಲ್ಲಿ ಹದಿನೈದು ಸೆಕೆಂಡು ಉಳಿದಾಗ ಆ ದನಿಯೂ ಕಟ್. ಅಲ್ಲಿಂದ ಮುಂದೆ ಅವನ ಬುದ್ಧಿ, ಅವನ ಹಣೆಬರಹ. ಚೆಂಡು ಕೈಗೆ ಬಂದ ಮೇಲೆ ಅವನಿಗಿರುವುದು ಎರಡೂವರೆ ಸೆಕೆಂಡು, ಹೆಚ್ಚೆಂದರೆ ಮೂರು. ಅಷ್ಟರೊಳಗೆ ನೂರಿಪ್ಪತ್ತು ಕಿಲೋ ದಾಟಿದ ನಾಲ್ಕು ಜನ ಅವನನ್ನು ನೆಲಕ್ಕೆ ಕೆಡವಲು ಬರುತ್ತಿರುತ್ತಾರೆ, ಐದು ಜನ ತಡೆಯುತ್ತಿರುತ್ತಾರೆ, ಉಳಿದ ಐವರು ನಾನಾ ದಿಕ್ಕಿಗೆ ಓಡಿರುತ್ತಾರೆ. ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ, ಅವನೇ ತೀರ್ಮಾನಿಸಬೇಕು.

ಟಿವಿಯಲ್ಲಿ ನಮಗೆ ಇದೇನೂ ಕಾಣುವುದಿಲ್ಲ. ಕ್ಯಾಮರಾ ಚೆಂಡಿನ ಹಿಂದೆ ಹೋಗುತ್ತದೆ. ಎಸೆದದ್ದು ಖಾಲಿ ಜಾಗಕ್ಕೆ ಬಿದ್ದರೆ, ಎಸೆದವನು ತಪ್ಪಿದನೋ, ಎಡಕ್ಕೆ ತಿರುಗಬೇಕಾದ ಆಟಗಾರ ಬಲಕ್ಕೆ ತಿರುಗಿದನೋ ಹೇಳಬಲ್ಲವರು ಆ ಹನ್ನೊಂದು ಜನ ಮತ್ತು ಅವರ ಕೋಚುಗಳು ಮಾತ್ರ. ಇಪ್ಪತ್ತೆರಡು ಜನರನ್ನೂ ಒಟ್ಟಿಗೆ ತೋರಿಸುವ ಬೇರೆಯೇ ಫಿಲ್ಮು ಇರುತ್ತದೆ, ಅದನ್ನು ಸೋಮವಾರ ಕತ್ತಲೆ ಕೋಣೆಯಲ್ಲಿ ಕೂತು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ನಮ್ಮ ತೀರ್ಪು ಭಾನುವಾರವೇ ಹೊರಬಿದ್ದಿರುತ್ತದೆ. ಕೆಳಗೆ ಬಿದ್ದ ಚೆಂಡನ್ನು ತೋರಿಸಿದ ಮರುಕ್ಷಣ ಟಿವಿ ಕ್ವಾರ್ಟರ್‌ಬ್ಯಾಕಿನ ಮುಖ ತೋರಿಸುತ್ತದೆ. ಪೆಚ್ಚಾದ ಮುಖ. ನಮಗೆ ಅಷ್ಟು ಸಾಕ್ಷ್ಯ ಧಾರಾಳ.

ನಮ್ಮ ತಂದೆ ಹಾಸನದಲ್ಲಿ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ನಡೆಸುತ್ತಿದ್ದ ಮೊಕದ್ದಮೆಯೂ ಇದೇ ಜಾತಿಯದು: ಪ್ರಸನ್ನನೋ, ವೆಂಕಟರಾಘವನ್ನೋ? 1971ರ ಇಂಗ್ಲೆಂಡ್ ಪ್ರವಾಸದ ಮೂರು ಟೆಸ್ಟುಗಳಲ್ಲೂ ಪ್ರಸನ್ನರನ್ನು ಹೊರಗಿಟ್ಟು ವೆಂಕಟ್‌ರನ್ನು ಆಡಿಸಿದರು. ಓವಲ್‌ನಲ್ಲಿ ಭಾರತ ಗೆದ್ದು ಇತಿಹಾಸವಾಯಿತು. ಗೆಲ್ಲಿಸಿದ್ದು ನಮ್ಮ ಚಂದ್ರಶೇಖರ್ ಎಂಬ ಸಮಾಧಾನವೂ ಇತ್ತು. ಆದರೂ ಅಪ್ಪ ಆಯ್ಕೆಗಾರರನ್ನು ಕ್ಷಮಿಸಲಿಲ್ಲ. ಆದರೆ ಕ್ರಿಕೆಟ್ಟಿನ ಜಗಳಕ್ಕೆ ರಾಜಿಯ ದಾರಿಯಿದೆ. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬೇಡಿ, ಚಂದ್ರ, ಪ್ರಸನ್ನ, ವೆಂಕಟ್ ನಾಲ್ವರನ್ನೂ ಒಂದೇ ಟೆಸ್ಟಿನಲ್ಲಿ ಇಳಿಸಿದ್ದರಲ್ಲ! ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಅದು ಸಾಧ್ಯವಿಲ್ಲ. ಕುರ್ಚಿ ಒಂದೇ. ಒಬ್ಬ ಕೂತರೆ ಇನ್ನೊಬ್ಬ ಟೋಪಿ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು, ಗೆರೆಯಾಚೆ ನಿಲ್ಲಬೇಕು.

ಆ ನಿಂತವನ ಮೇಲೆಯೇ ಜನಕ್ಕೆ ಮಮತೆ ಹರಿಯುವುದು. ಕಾರಣ ಸರಳ: ಅವನು ಇನ್ನೂ ಸೋತಿಲ್ಲ.

2021ರ ಮಾರ್ಚ್ 26ರಂದು ಫಾರ್ಟಿ ನೈನರ್ಸ್ ಒಂದು ವ್ಯಾಪಾರ ಮಾಡಿತು. ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ ಮೂವತ್ತೆರಡು ತಂಡಗಳು ಏಳು ಸುತ್ತು ಸರದಿಯಂತೆ ಆರಿಸುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ನಮ್ಮವರದು ಹನ್ನೆರಡನೆಯದು. ಮಯಾಮಿಯವರ ಬಳಿ ಮೂರನೆಯದಿತ್ತು. ಆ ಒಂದು ಸ್ಥಾನಕ್ಕಾಗಿ ತಮ್ಮ ಹನ್ನೆರಡನೆಯದನ್ನೂ, ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ, ಮೇಲೆ ಒಂದು ಮೂರನೇ ಸುತ್ತಿನದನ್ನೂ ಕೊಟ್ಟುಬಿಟ್ಟರು. ಕ್ವಾರ್ಟರ್‌ಬ್ಯಾಕಿಗಾಗಿಯೇ ಎಂಬುದು ಖಚಿತ. ಯಾವ ಕ್ವಾರ್ಟರ್‌ಬ್ಯಾಕು ಎಂದು ಹೇಳಲಿಲ್ಲ. ಡ್ರಾಫ್ಟು ಏಪ್ರಿಲ್ 29ಕ್ಕೆ. ನಡುವೆ ಒಂದು ತಿಂಗಳಿಗೂ ಮೀರಿದ ಕಾಲ. ಕೋವಿಡ್ಡಿನ ದಿನಗಳು, ಹೋಗಲು ಊರಿಲ್ಲ, ಕರೆಯಲು ಹಬ್ಬವಿಲ್ಲ. ಹಿತ್ತಲಲ್ಲಿ ಆರಾರು ಅಡಿ ದೂರ ಕುರ್ಚಿ ಹಾಕಿಕೊಂಡು ಮಾಸ್ಕಿನೊಳಗಿಂದ ಜಗಳವಾಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿಷಯವನ್ನು ಯಾರೂ ಒದಗಿಸಿರಲಿಲ್ಲ.

ಮೊದಲ ಇಬ್ಬರು ಬೇರೆಯವರ ಪಾಲಾಗುವುದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಉಳಿದವರು ಮೂವರು. ಅಲಬಾಮದ ಮ್ಯಾಕ್ ಜೋನ್ಸ್: ಆ ವರ್ಷ ತನ್ನ ಕಾಲೇಜಿಗೆ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟವನು, ಗುರಿಯಲ್ಲಿ ನಿಖರ, ಕಾಲು ನಿಧಾನ. ಓಹಾಯೋ ಸ್ಟೇಟಿನ ಜಸ್ಟಿನ್ ಫೀಲ್ಡ್ಸ್: ಗಾಳಿಯಂತೆ ಓಡುವವನು. ಮೂರನೆಯವನು ನಾರ್ತ್ ಡಕೋಟ ಸ್ಟೇಟಿನ ಟ್ರೇ ಲ್ಯಾನ್ಸ್. ಸಣ್ಣ ಕಾಲೇಜು. 2019ರ ಒಂದೇ ಋತುವಿನಲ್ಲಿ ಇಪ್ಪತ್ತೆಂಟು ಟಚ್‌ಡೌನ್ ಪಾಸುಗಳು, ಎದುರಾಳಿಯ ಕೈಗೆ ಒಂದೂ ಇಲ್ಲ, ಸೋಲೂ ಇಲ್ಲ. ಮಾರನೇ ವರ್ಷ ಕೋವಿಡ್ಡಿನಿಂದಾಗಿ ಒಂದೇ ಒಂದು ಪಂದ್ಯ. ಇಪ್ಪತ್ತರ ಹುಡುಗ, ಆರಡಿ ನಾಲ್ಕಂಗುಲ.

"ಮೂರು ಫಸ್ಟ್ ರೌಂಡ್ ಕೊಟ್ಟು ಆ ಮ್ಯಾಕ್ ಜೋನ್ಸ್‌ನ್ನ ತರ್ತಾರೇನ್ರಿ?" ಎಂದರು ಧಾರವಾಡದವರು. "ಅವ ಓಡಿದ್ರ ನಮ್ಮ ಅಜ್ಜ ಹಿಡೀತಾನ. ಲ್ಯಾನ್ಸ್‌ನ್ನ ನೋಡ್ರಿ. ಏನ್ ಎತ್ತರ, ಏನ್ ತೋಳು!"

"ಎಷ್ಟು ಆಟ ನೋಡಿದೀರಿ ಸಾರ್ ಅವನ್ದು?" ಮೈಸೂರಿನವನ ಪ್ರಶ್ನೆ.

"ಆಟ ಯಾಕ ನೋಡ್ಬೇಕ್ರಿ? ಹೈಲೈಟ್ಸ್ ನೋಡೀನಲ್ಲ."

ನಗಬೇಡಿ. ಕೋಟಿಗಟ್ಟಲೆ ಡಾಲರು ಸುರಿಯುವವರೂ ಆ ಹುಡುಗನ ಆಟವನ್ನು ಹೆಚ್ಚೇನೂ ನೋಡಿರಲಿಲ್ಲ, ಏಕೆಂದರೆ ನೋಡಲು ಇದ್ದದ್ದೇ ಅಷ್ಟು. ಕಾಲೇಜಿನಲ್ಲಿ ಒಟ್ಟು ಹದಿನೇಳು ಪಂದ್ಯ ಶುರು ಮಾಡಿದ್ದ. ಜೋನ್ಸ್ ಏನು ಮಾಡಲಾರ ಎಂಬುದು ಎಲ್ಲರಿಗೂ ಗೊತ್ತಿತ್ತು. ಫೀಲ್ಡ್ಸ್ ಎಲ್ಲಿ ಎಡವುತ್ತಾನೆ ಎಂಬುದೂ ಗೊತ್ತಿತ್ತು. ಲ್ಯಾನ್ಸ್‌ ವಿಷಯದಲ್ಲಿ ಮಾತ್ರ ಊಹೆಗೆ ಬೇಕಾದಷ್ಟು ಜಾಗ. ಎಲ್ಲರಿಗಿಂತ ಕಡಿಮೆ ಕಂಡವನೇ ಎಲ್ಲರಿಗಿಂತ ಚೆನ್ನಾಗಿ ಕಂಡ. ಕ್ಲೀವ್‌ಲ್ಯಾಂಡಿನ ವೇದಿಕೆಯಲ್ಲಿ ಮೂರನೆಯ ಹೆಸರಾಗಿ ಕೂಗಿದ್ದು ಅವನದೇ. ಫೀಲ್ಡ್ಸ್ ಹನ್ನೊಂದನೆಯವನಾಗಿ ಶಿಕಾಗೋಕ್ಕೆ ಹೋದ, ಜೋನ್ಸ್ ಹದಿನೈದನೆಯವನಾಗಿ ನ್ಯೂ ಇಂಗ್ಲೆಂಡಿಗೆ.

ಇವರೆಲ್ಲ ಹೀಗೆ ಕಾದಾಡುವಾಗ ಕುರ್ಚಿಯೇನೂ ಖಾಲಿಯಿರಲಿಲ್ಲ ಎಂಬುದನ್ನು ಹೇಳಲೇ ಮರೆತೆ. ಎಲ್ಲರೂ ಮರೆತಿದ್ದರು. ಜಿಮ್ಮಿ ಗರಾಪೊಲೊ ಅಲ್ಲೇ ಕೂತಿದ್ದ. ಮೊದಲಿಂದಲೂ ನಾನು ಅವನ ಪಕ್ಷ, ಮತ್ತು ನಮ್ಮ ಹಿತ್ತಲಲ್ಲಿ ಆ ಪಕ್ಷಕ್ಕೆ ಸದಸ್ಯ ನಾನೊಬ್ಬನೇ. ಆಡಿದ ಪ್ರತಿ ಮೂರು ಪಂದ್ಯಗಳಲ್ಲಿ ಎರಡಕ್ಕಿಂತ ಹೆಚ್ಚು ಗೆದ್ದವನು ಅವನು. 2020ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲಿಗೆ, ಅಂದರೆ ಲೀಗಿನ ಫೈನಲ್ಲಿಗೆ, ಕರೆದೊಯ್ದಿದ್ದ. ಅಲ್ಲಿ ಕೊನೆಯ ಗಳಿಗೆಯಲ್ಲಿ, ಎದುರಾಳಿಗಳನ್ನು ದಾಟಿ ಓಡುತ್ತಿದ್ದ ಜೊತೆಗಾರನ ಕೈಗೆ ಎಟುಕದಷ್ಟು ಮುಂದಕ್ಕೆ ಒಂದು ಚೆಂಡು ಎಸೆದ. ಕ್ಯಾನ್ಸಸ್ ಸಿಟಿ 31, ನಮ್ಮದು 20. ಆ ಒಂದು ಚೆಂಡು ಇನ್ನೂ ನೆಲಕ್ಕೆ ಬಿದ್ದಿಲ್ಲವೇನೋ ಎಂಬಂತೆ ಜನ ಅದರ ಮಾತೆತ್ತುತ್ತಾರೆ.

ಆದರೆ ಅದೇ ಜಿಮ್ಮಿ 2017ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಾಗ ಇದ್ದ ಸಂಭ್ರಮ ನೆನೆಯಿರಿ! ನ್ಯೂ ಇಂಗ್ಲೆಂಡಿನಲ್ಲಿ ಟಾಮ್ ಬ್ರೇಡಿಯ ಹಿಂದೆ ಮೂರು ವರ್ಷಕ್ಕೂ ಮೇಲೆ ಬೆಂಚು ಕಾಯಿಸಿದ್ದವನು. ಆಗ ಅವನಷ್ಟು ದೊಡ್ಡ ಕ್ವಾರ್ಟರ್‌ಬ್ಯಾಕ್ ದೇಶದಲ್ಲೇ ಇರಲಿಲ್ಲ. ಬಂದವನು ಆ ಋತುವಿನ ಕೊನೆಯ ಐದು ಪಂದ್ಯಗಳನ್ನೂ ಗೆದ್ದ, ಮುಂದಿನ ಫೆಬ್ರವರಿಯಲ್ಲಿ ಐದು ವರ್ಷಕ್ಕೆ 13.75 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಬೆಂಚಿನಿಂದ ಎದ್ದು ಆಡತೊಡಗಿದ್ದೇ ಅವನು ಮಾಡಿದ ಅಪರಾಧ. 2021ರ ಡ್ರಾಫ್ಟಿಗೆ ಮೂರು ದಿನ ಮುಂಚೆ ಪತ್ರಕರ್ತರು ಕೋಚ್ ಕೈಲ್ ಶಾನಹಾನ್‌ನನ್ನು, ಭಾನುವಾರಕ್ಕೆ ಜಿಮ್ಮಿ ತಂಡದಲ್ಲಿ ಇರುತ್ತಾನೆಯೇ ಎಂದು ಕೇಳಿದರು. ಭಾನುವಾರಕ್ಕೆ ಈ ಲೋಕದಲ್ಲಿ ಯಾರು ಬದುಕಿರುತ್ತಾರೆಂದೇ ಖಾತ್ರಿ ಕೊಡಲಾಗದು ಎಂಬರ್ಥದ ಉತ್ತರ ಬಂತು. ಅಮೆರಿಕದ ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿಯಾಯಿತು. ನಮ್ಮ ಕಡೆ ಮಠಗಳಲ್ಲಿ ನಿತ್ಯ ಹೇಳುವ ಮಾತೇ ಅದು, ಯಾರೂ ಅಚ್ಚುಹಾಕಿಸುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ಕುರ್ಚಿ ಲ್ಯಾನ್ಸ್‌ಗೆ ಬಂತು. ಎರಡನೇ ಪಂದ್ಯದಲ್ಲೇ ಕಾಲಿನ ಗಿಣ್ಣು ಮುರಿಯಿತು. ಕಳಿಸಲು ನೋಡಿ ಕಳಿಸಲಾಗದೆ ಉಳಿದಿದ್ದ ಜಿಮ್ಮಿ ಎದ್ದು ಬಂದ. ಡಿಸೆಂಬರ್ 4ರಂದು ಅವನ ಪಾದವೂ ಮುರಿಯಿತು. ಎದುರಿಗಿದ್ದವರು ಯಾರು ಗೊತ್ತೇ? ಮಯಾಮಿ, ನಮ್ಮ ಮೂರು ಮೊದಲ ಸುತ್ತುಗಳನ್ನು ಜೇಬಿಗಿಳಿಸಿಕೊಂಡಿದ್ದವರೇ. ಆಗ ಬೆಂಚಿನಿಂದ ಎದ್ದವನು ಬ್ರಾಕ್ ಪರ್ಡಿ.

ಆ ವರ್ಷದ ಡ್ರಾಫ್ಟಿನ 262ನೆಯ ಆಯ್ಕೆ ಅವನು. 263 ಇರಲಿಲ್ಲ. ಕೊನೆಯವನಾಗಿ ಆಯ್ಕೆಯಾದವನಿಗೆ 1976ರಿಂದಲೂ ಮಿಸ್ಟರ್ ಇರ್‍ರೆಲೆವೆಂಟ್ ಎಂದು ಬಿರುದು ಕೊಟ್ಟು, ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿಗೆ ಕರೆಸಿ, ಒಂದು ಸಣ್ಣ ಜಾತ್ರೆಯನ್ನೇ ನಡೆಸುತ್ತಾರೆ. ಕೊಡುವ ಪಾರಿತೋಷಕದ ಮೇಲಿನ ಬೊಂಬೆಯ ಕೈಯಿಂದ ಚೆಂಡು ಜಾರಿ ಬೀಳುತ್ತಿರುತ್ತದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಂಡ ಮಗುವನ್ನು ಹೊತ್ತು ಮೆರೆಸುವ ಹಾಗೆ. ಗೇಲಿಯಿದೆ, ಆದರೆ ಕ್ರೌರ್ಯವಿಲ್ಲ. ಪರ್ಡಿ ಕೊನೆಗೆ ಉಳಿದದ್ದೇಕೆ? ಅಯೋವಾ ಸ್ಟೇಟಿನಲ್ಲಿ ನಾಲ್ಕು ವರ್ಷ ಆಡಿದ್ದ. ಎಲ್ಲರೂ ಅವನನ್ನು ನೋಡಿದ್ದರು, ಬೇಕಾದ್ದಕ್ಕಿಂತ ಹೆಚ್ಚೇ ನೋಡಿದ್ದರು. ಎತ್ತರ ಕಡಿಮೆ, ತೋಳು ಸಾಧಾರಣ, ಕೆಲವೊಮ್ಮೆ ಕೈ ತಪ್ಪುತ್ತದೆ ಎಂದೆಲ್ಲ ಕಾಗದದ ಮೇಲೆ ದಾಖಲಾಗಿತ್ತು. ಊಹಿಸಲು ಏನೂ ಉಳಿದಿರಲಿಲ್ಲ ಪಾಪ.

ಡ್ರಾಫ್ಟಿಗೆ ಮುಂಚೆ ಇಂಡಿಯಾನಪೊಲಿಸಿನಲ್ಲಿ ಆ ಹುಡುಗರನ್ನು ಅಳೆಯುವ ಪರಿ ನೋಡಬೇಕು. ಎತ್ತರ, ತೂಕ, ನಲವತ್ತು ಗಜದ ಓಟ ಇರಲಿ. ಕ್ವಾರ್ಟರ್‌ಬ್ಯಾಕಿನ ಗೇಣನ್ನೂ ಅಳೆಯುತ್ತಾರೆ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ, ಅಂಗುಲದ ಎಂಟನೇ ಒಂದು ಭಾಗದ ಸೂಕ್ಷ್ಮದಲ್ಲಿ. 2020ರಲ್ಲಿ ಜೋ ಬರೋನ ಗೇಣು ಒಂಬತ್ತೇ ಅಂಗುಲ ಬಂತೆಂದು ವಾರಗಟ್ಟಲೆ ಚರ್ಚೆಯಾಯಿತು. ಸಿನ್ಸಿನಾಟಿಯವರು ಅವನನ್ನೇ ಮೊದಲಿಗನಾಗಿ ಆರಿಸಿದರು, ಎರಡನೇ ವರ್ಷಕ್ಕೇ ಸೂಪರ್ ಬೌಲಿಗೆ ಹೋದರು. ಅಳೆಯಲು ಬಾರದ್ದು ಯಾವುದೋ ಅದೇ ಬೇಕಾಗಿರುವುದು ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಟೇಪು ಕೈಯಲ್ಲಿರುವಾಗ ಸುಮ್ಮನೆ ಕೂರುವುದು ಹೇಗೆ?

ಪರ್ಡಿ ಆ ದಿನ ಮಯಾಮಿಯನ್ನು 33-17ಕ್ಕೆ ಸೋಲಿಸಿದ. ಮುಂದಿನ ವಾರ ಎದುರಿಗೆ ನಿಂತವನು ಟಾಮ್ ಬ್ರೇಡಿ, ನಲವತ್ತೈದರ ಪ್ರಾಯದವನು, ತಾನೂ ಒಂದು ಕಾಲಕ್ಕೆ 199ನೆಯವನಾಗಿ ಆಯ್ಕೆಯಾದವನು. ಪಂದ್ಯ 35-7. ಗ್ಯಾಲರಿಯಲ್ಲಿ ಪರ್ಡಿಯ ಅಪ್ಪ ಅಳುತ್ತಿರುವುದನ್ನು ಟಿವಿ ತೋರಿಸಿತು. ನಮ್ಮ ಮನೆಯಲ್ಲೂ ಒಂದಿಬ್ಬರು ಕನ್ನಡಕ ಒರೆಸಿಕೊಂಡರು. ಹೆಸರು ಹೇಳಿದರೆ ಚಿಪ್ ಕಂಪನಿಗೆ ಕೆಟ್ಟ ಹೆಸರು.

ಇಲ್ಲಿಂದ ಮುಂದೆ ನಮ್ಮ ಜಗಳಕ್ಕೆ ಬೇರೆಯೇ ಬಣ್ಣ ಬಂತು. ನಾವೆಲ್ಲ ರ್‍ಯಾಂಕಿನ ಮಕ್ಕಳು. ಸಿಇಟಿಯಲ್ಲಿ ಬಂದ ಸಂಖ್ಯೆಯೇ ಕಾಲೇಜನ್ನು, ಕಾಲೇಜೇ ಕಂಪನಿಯನ್ನು, ಕಂಪನಿಯೇ ವೀಸಾವನ್ನು ತೀರ್ಮಾನಿಸಿ, ನಮ್ಮನ್ನು ಈ ಸೋಫಾದ ಮೇಲೆ ತಂದು ಕೂರಿಸಿದೆ. ಮೂರನೇ ರ್‍ಯಾಂಕಿನವನು ಹೊರಗೆ ಕೂತು, 262ನೇ ರ್‍ಯಾಂಕಿನವನು ಒಳಗೆ ಆಡುವುದೆಂದರೆ ನಮ್ಮ ಬುನಾದಿಗೇ ಕೈ ಹಾಕಿದಂತೆ. ಒಳ್ಳೆಯ ರ್‍ಯಾಂಕು ಬಂದವರು ಲ್ಯಾನ್ಸ್‌ಗೆ ಇನ್ನೊಂದು ಅವಕಾಶ ಕೊಡಲೇಬೇಕು ಎಂದರು. ಪೇಮೆಂಟ್ ಸೀಟಿನಲ್ಲಿ ಓದಿದ ಒಬ್ಬರು, ಈಗ ಇವರೆಲ್ಲರಿಗಿಂತ ದೊಡ್ಡ ಮನೆಯಲ್ಲಿರುವವರು, ಮೊದಲ ದಿನದಿಂದಲೇ ಪರ್ಡಿಯ ಕಡೆ. ಧಾರವಾಡದವರು ತಮ್ಮ ಲ್ಯಾನ್ಸ್‌ನ್ನು ಬಿಟ್ಟುಕೊಡಲಿಲ್ಲ.

"ಪರ್ಡಿ ಏನ್ ಮಾಡ್ಯಾನ್ರಿ? ಮೆಕ್ಯಾಫ್ರಿ ಓಡ್ತಾನ, ಡೀಬೋ ಓಡ್ತಾನ, ಕಿಟಲ್ ಹಿಡೀತಾನ, ಶಾನಹಾನ್ ಕಿವ್ಯಾಗ ಎಲ್ಲಾ ಹೇಳ್ತಾನ. ಇವ ಬರೇ ಗೇಮ್ ಮ್ಯಾನೇಜರ್."

ಅದು ಅಮೆರಿಕದವರೂ ಬಳಸುವ ಬೈಗುಳ. ಸ್ವಂತ ಪ್ರತಿಭೆಯಿಲ್ಲದೆ ಇತರರ ಶ್ರಮವನ್ನು ಅತ್ತಿಂದಿತ್ತ ಸಾಗಿಸುವವನು ಎಂದು ಅರ್ಥ. ಆ ಹೊತ್ತಿಗೆ ಕೋಣೆಯಲ್ಲಿದ್ದ ನಾಲ್ವರು ಮ್ಯಾನೇಜರುಗಳು ಚಿಪ್ಸ್ ತಟ್ಟೆಯತ್ತ ತಿರುಗಿದರು.

ಕ್ವಾರ್ಟರ್‌ಬ್ಯಾಕ್ ಹೆಚ್ಚಾಯಿತು ಎಂದು ಜಗಳವಾಡಿದ ಅದೇ ಋತುವಿನ ಕೊನೆಗೆ, 2023ರ ಜನವರಿ 29ರಂದು ಫಿಲಡೆಲ್ಫಿಯಾದಲ್ಲಿ, ಸೂಪರ್ ಬೌಲಿನ ಹೊಸ್ತಿಲಲ್ಲಿ, ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್ ಒಬ್ಬನೂ ಇಲ್ಲದ ಸ್ಥಿತಿ ಬಂತು. ಶುರುವಿನಲ್ಲೇ ಪರ್ಡಿಯ ಮೊಣಕೈಯ ಅಸ್ಥಿರಜ್ಜು ಹರಿಯಿತು. ಬದಲಿಗೆ ಬಂದ ಜಾಷ್ ಜಾನ್ಸನ್‌ನ ತಲೆಗೆ ಪೆಟ್ಟು. ಪರ್ಡಿಯೇ ಮತ್ತೆ ಬಂದು ನಿಂತ, ಚೆಂಡು ತೆಗೆದುಕೊಂಡು ಪಕ್ಕದವನ ಕೈಗಿಡುವುದಷ್ಟೇ ಅವನಿಂದಾದದ್ದು. 31-7. ಮೂರನೆಯವನನ್ನು ತುರ್ತಿಗೆ ಇಟ್ಟುಕೊಳ್ಳಲು ಲೀಗು ಆ ವರ್ಷವೇ ನಿಯಮ ಬದಲಿಸಿತು. ಅಂದು ಸಂಜೆ ನಮ್ಮ ಮನೆಯಲ್ಲಿ ಲ್ಯಾನ್ಸ್ ಪಕ್ಷವೂ ಇರಲಿಲ್ಲ, ಜಿಮ್ಮಿ ಪಕ್ಷವೂ ಇರಲಿಲ್ಲ. ಯಾರೋ ಮೊಸರನ್ನ ಕೇಳಿದರು, ತಿಂದು ಹೋದರು.

ಈ ಊರಿಗೆ ಇದು ಹೊಸ ರೋಗವಲ್ಲ. ನಮ್ಮ ಓಣಿಯ ತುದಿಯಲ್ಲಿರುವ ಹಿರಿಯ ಅಮೆರಿಕನ್ನರೊಬ್ಬರನ್ನು ಇಂದಿಗೂ ಮಾಂಟಾನನೋ ಯಂಗೋ ಎಂದು ಕೇಳಿ ನೋಡಿ, ನೀರು ಹಾಕುತ್ತಿದ್ದ ಪೈಪನ್ನು ಕೆಳಗಿಡುತ್ತಾರೆ. ಜೋ ಮಾಂಟಾನ 1979ರಲ್ಲಿ ಮೂರನೇ ಸುತ್ತಿನಲ್ಲಿ, 82ನೆಯವನಾಗಿ ಬಂದವನು. ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟ. ಸ್ಟೀವ್ ಯಂಗ್ 1987ರಲ್ಲಿ ಟ್ಯಾಂಪಾದಿಂದ ಬಂದ ಎಡಗೈಯವನು. ಮಾಂಟಾನನ ಹಿಂದೆ ವರ್ಷಗಟ್ಟಲೆ ನಿಂತ. ಮೊಣಕೈ ನೋವಿನಿಂದ ಮಾಂಟಾನ 1991ರಲ್ಲಿ ಪೂರ್ತಿಯಾಗಿ, 1992ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಆಡಲಿಲ್ಲ. ಆ 1992ರಲ್ಲಿ ಯಂಗ್ ಇಡೀ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದ. ಆದರೂ ಜನರ ಮನಸ್ಸು ಗೆರೆಯಾಚೆ ಕೂತ ಮಾಂಟಾನನಲ್ಲಿ. ಈ ಒಂದು ಪ್ರಕರಣದಲ್ಲಿ ಬೆಂಚಿನ ಮೇಲಿದ್ದವನು ಅಪರಿಚಿತನಲ್ಲ, ದೇವರು. 1993ರಲ್ಲಿ ದೇವರನ್ನು ಕ್ಯಾನ್ಸಸ್ ಸಿಟಿಗೆ ಕಳಿಸಿದರು. ಮಾರನೇ ವರ್ಷ ಇವರು ಅಲ್ಲಿಗೆ ಆಡಲು ಹೋದಾಗ ಆ ದೇವರೇ 24-17ಕ್ಕೆ ಸೋಲಿಸಿ ಕಳಿಸಿತು. ಆ ದಿನ ಯಂಗ್‌ಗೆ ಹೇಗಾಗಿರಬೇಡ! 1995ರ ಜನವರಿಯಲ್ಲಿ ಸೂಪರ್ ಬೌಲಿನಲ್ಲಿ ಆರು ಟಚ್‌ಡೌನ್ ಪಾಸು ಎಸೆದು ಸ್ಯಾನ್ ಡಿಯಾಗೋವನ್ನು 49-26ಕ್ಕೆ ಬಡಿದಾಗ, ಅವನು ಅಂಕಣದ ಪಕ್ಕದಲ್ಲಿ ಬೆನ್ನು ತಿರುಗಿಸಿ, ಇಷ್ಟು ವರ್ಷ ಹೆಗಲೇರಿ ಕೂತಿರುವ ಕೋತಿಯನ್ನು ಕಿತ್ತು ತೆಗೆಯಿರೋ ಎಂದು ಜೊತೆಗಾರರನ್ನು ಕೂಗಿ ಕರೆದ. ಒಬ್ಬ ಬಂದು ತೆಗೆದೂ ತೆಗೆದ. ಆ ತುಣುಕನ್ನು ನೋಡಿದಾಗಲೆಲ್ಲ, ಕ್ವಾರ್ಟರ್‌ಬ್ಯಾಕ್ ಬಗ್ಗೆ ಬಾಯಿ ಚಪಲಕ್ಕೆ ಮಾತಾಡುವ ನಮ್ಮಂಥವರ ಒಟ್ಟು ತೂಕ ಎಷ್ಟಿರಬಹುದೆಂದು ನನಗೆ ಅಂದಾಜಾಗುತ್ತದೆ.

ಯಂಗ್ ಆದ ಮೇಲೆ? 2000ದ ಡ್ರಾಫ್ಟಿನಲ್ಲಿ ಸ್ಯಾನ್ ಮಟೇಯೋದ ಹುಡುಗ, ಇದೇ ತಂಡದ ಆಟ ನೋಡುತ್ತ ಬೆಳೆದ ಟಾಮ್ ಬ್ರೇಡಿ, ಯಾರಿಗೂ ಬೇಡವಾಗಿ ಕೂತಿದ್ದ. ನಮ್ಮವರು ಅವನನ್ನು ಬಿಟ್ಟು ಜೊವಾನಿ ಕಾರ್ಮಾಟ್ಸಿ ಎಂಬುವನನ್ನು ಆರಿಸಿದರು. ಅವನು ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. 2005ರಲ್ಲಿ ಮೊದಲ ಆಯ್ಕೆಯೇ ಕೈಯಲ್ಲಿತ್ತು. ಪಕ್ಕದ ಬರ್ಕ್‌ಲಿಯಲ್ಲೇ ಆಡುತ್ತಿದ್ದ ಏರನ್ ರಾಜರ್ಸ್‌ನನ್ನು ಬಿಟ್ಟು ಯೂಟಾದ ಅಲೆಕ್ಸ್ ಸ್ಮಿತ್‌ನನ್ನು ತಂದರು. ರಾಜರ್ಸ್ 24ನೆಯವನಾಗಿ ಗ್ರೀನ್ ಬೇಗೆ ಹೋದ, ಅಲ್ಲಿ ಮೂರು ವರ್ಷ ಬೆಂಚಿನ ಮೇಲೆ ಕೂತ, ಆಮೇಲೆ ಎಷ್ಟು ದೊಡ್ಡ ಆಟಗಾರನಾದನೆಂದು ಫುಟ್‌ಬಾಲ್ ನೋಡದವರೂ ಬಲ್ಲರು. ಅಲೆಕ್ಸ್ ಸ್ಮಿತ್‌ನನ್ನು ಜನ ಅದಕ್ಕಾಗಿ ವರ್ಷಗಟ್ಟಲೆ ಬೈದರು. ತನ್ನ ಜಾಗಕ್ಕೆ ಬರದೆ ಹೋದವನ ಪಾಪಕ್ಕೂ ಅವನೇ ಹೊಣೆ. 2012ರಲ್ಲಿ ಅವನು ಆಟವನ್ನು ಕೊನೆಗೂ ಒಲಿಸಿಕೊಂಡ, ಒಂದು ಪಂದ್ಯದಲ್ಲಿ 19 ಪಾಸುಗಳಲ್ಲಿ 18 ಗುರಿ ಮುಟ್ಟಿಸಿದ. ಅದಾಗಿ ಸ್ವಲ್ಪ ದಿನಕ್ಕೆ ತಲೆಗೆ ಪೆಟ್ಟಾಗಿ ಹೊರಗೆ ಕೂತ. ಬದಲಿಗೆ ಬಂದ ಕಾಲಿನ್ ಕೆಪರ್ನಿಕ್ ಒಂದೇ ಸಂಜೆ ಶಿಕಾಗೋವನ್ನು ಧೂಳೀಪಟ ಮಾಡಿದ. ಸ್ಮಿತ್‌ಗೆ ಕುರ್ಚಿ ಮತ್ತೆ ಸಿಗಲೇ ಇಲ್ಲ.

ಇಷ್ಟೆಲ್ಲ ಮಾತಿನ ನಡುವೆ ನನ್ನ ಹೆಂಡತಿ ಹೇಳುವುದು ಒಂದೇ. "ನೀವೆಲ್ಲ ಚೆಂಡು ನೋಡ್ತೀರಿ. ಮುಂದಿರೋ ಆ ಐದು ಜನಾನ ನೋಡಿ." ಅವಳು ನೋಡುವುದು ಎಡತುದಿಯಲ್ಲಿ ನಿಲ್ಲುವ ಟ್ರೆಂಟ್ ವಿಲಿಯಮ್ಸ್‌ನನ್ನು. ಕ್ವಾರ್ಟರ್‌ಬ್ಯಾಕಿನ ಬೆನ್ನ ಕಡೆಯಿಂದ ಬರುವ ಯಮನನ್ನು ತಡೆಯುವ ಕೆಲಸ ಅವನದು. ಅವನು ಕೆಲಸ ಸರಿಯಾಗಿ ಮಾಡಿದ ದಿನ ಅವನ ಹೆಸರನ್ನು ಟಿವಿಯವರು ಹೇಳುವುದೇ ಇಲ್ಲ. 2023ರ ಅಕ್ಟೋಬರಿನಲ್ಲಿ ಅವನ ಕಾಲಿಗೆ ಪೆಟ್ಟಾಯಿತು, ಡೀಬೋ ಸ್ಯಾಮ್ಯುಯೆಲ್ ಕೂಡ ಹೊರಗುಳಿದ. ಅದುವರೆಗೆ ಸೋಲೇ ಕಾಣದಿದ್ದ ತಂಡ ಸಾಲಾಗಿ ಮೂರು ಸೋತಿತು. ಪರ್ಡಿಯ ಚೆಂಡುಗಳು ಎದುರಾಳಿಗಳ ಕೈ ಸೇರತೊಡಗಿದವು. ಲ್ಯಾನ್ಸ್‌ನನ್ನು ಅಷ್ಟರಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಡಲ್ಲಾಸಿಗೆ ಕೊಟ್ಟಾಗಿತ್ತು. ಆದರೇನು, ಬೆಂಚು ಎಂದೂ ಖಾಲಿಯಿರುವುದಿಲ್ಲ. ಅಲ್ಲಿ ಸ್ಯಾಮ್ ಡಾರ್ನಾಲ್ಡ್ ಕೂತಿದ್ದ, 2018ರ ಮೂರನೇ ರ್‍ಯಾಂಕಿನವನು.

"ಡಾರ್ನಾಲ್ಡ್‌ನ್ನ ಇಳಸ್ರಿ, ಆಟ ಹೆಂಗ್ ಬದಲಾಗ್ತದ ನೋಡ್ರಿ!"

"ವಿಲಿಯಮ್ಸ್ ಬರಲಿ, ಎಲ್ಲ ಸರಿಹೋಗುತ್ತೆ," ಎಂದಳು ಇವಳು, ಒಗ್ಗರಣೆ ಸೌಟು ಹಿಡಿದುಕೊಂಡೇ. ವಿಲಿಯಮ್ಸ್ ಬಂದ. ಪರ್ಡಿ ಗೆಲ್ಲತೊಡಗಿದ. 2024ರ ಫೆಬ್ರವರಿಯಲ್ಲಿ ಲಾಸ್ ವೇಗಸ್ಸಿನ ಸೂಪರ್ ಬೌಲಿನಲ್ಲಿ ಹೆಚ್ಚುವರಿ ಸಮಯದ ತನಕ ಎಳೆದು 25-22ಕ್ಕೆ ಸೋತರು. ಹೆಂಡತಿಯ ವಾದ ನಮ್ಮೆಲ್ಲರ ವಾದಗಳಿಗಿಂತ ಬಲವಾದದ್ದು ಎಂದು ನನಗೆ ಅನುಮಾನವೇ ಇಲ್ಲ. ಆದರೆ ಎಡತುದಿಯ ಐದು ಇಂಚಿನ ಹೆಜ್ಜೆಯ ಮೇಲೆ ಇಡೀ ಮಧ್ಯಾಹ್ನ ಜಗಳವಾಡಲು ಎಂಥವರಿಗೆ ಸಾಧ್ಯ? ಜಗಳಕ್ಕೆ ಒಂದು ಮುಖ ಬೇಕು. ಡಾರ್ನಾಲ್ಡ್ ಮುಂದಿನ ವರ್ಷ ಮಿನೆಸೋಟಕ್ಕೆ ಹೋಗಿ ಹದಿನಾಲ್ಕು ಪಂದ್ಯ ಗೆದ್ದ. ಧಾರವಾಡದವರು ಆ ವರ್ಷವಿಡೀ ನಮ್ಮ ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡಿದರು.

ದುಡ್ಡಿನ ಕಥೆಯೂ ಇದರೊಳಗಿದೆ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಲೀಗು ಒಂದು ಮಿತಿ ಹಾಕಿದೆ; 2025ರಲ್ಲಿ ಅದು ಸುಮಾರು 27.9 ಕೋಟಿ ಡಾಲರು. 2023ರಲ್ಲಿ ಪರ್ಡಿಯ ಮೂಲ ಸಂಬಳ 8,70,000 ಡಾಲರು. ನಮಗೆ ನಿಮಗೆ ದೊಡ್ಡದೇ, ಆದರೆ ಆ ಲೋಕದಲ್ಲಿ ಚಿಲ್ಲರೆ. ಕ್ವಾರ್ಟರ್‌ಬ್ಯಾಕ್ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಉಳಿದ ಹಣದಲ್ಲಿ ಅವನ ಸುತ್ತ ದುಬಾರಿ ಆಟಗಾರರನ್ನು ಕಟ್ಟಲಾಗಿತ್ತು. 2025ರ ಮೇ ತಿಂಗಳಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರಿನ ಒಪ್ಪಂದವಾಯಿತು. ಡೀಬೋನನ್ನು ಅಷ್ಟರಲ್ಲಿ ವಾಷಿಂಗ್ಟನ್ನಿಗೆ ಕಳಿಸಿಯಾಗಿತ್ತು. ಪರ್ಡಿ ಅದೇ ಪರ್ಡಿ, ತೋಳು ಅದೇ ತೋಳು. ಆದರೆ ಅಲ್ಲಿಯವರೆಗೆ ಅವನು ತಪ್ಪು ಎಸೆದರೆ ಕೊನೆಯವನಾಗಿ ಬಂದ ಹುಡುಗ, ಪಾಪ, ಎನ್ನುತ್ತಿದ್ದವರು ಆಮೇಲೆ ತಪ್ಪು ಎಸೆದಾಗಲೆಲ್ಲ ಅದಕ್ಕೆಷ್ಟು ಡಾಲರಾಯಿತೆಂದು ಭಾಗಾಕಾರ ಮಾಡತೊಡಗಿದರು. ಮೈಸೂರಿನವನ ಬಳಿ ಅದಕ್ಕೊಂದು ಸ್ಪ್ರೆಡ್‌ಶೀಟೇ ಇದೆ.

ಆ ಒಪ್ಪಂದಕ್ಕೆ ಎರಡು ತಿಂಗಳು ಮುಂಚೆ ಪರ್ಡಿಯ ಬೆಂಚಿಗೆ ಒಬ್ಬ ಹೊಸಬನನ್ನು ತಂದಿದ್ದರು. ಹೊಸಬನೇನಲ್ಲ. ಮ್ಯಾಕ್ ಜೋನ್ಸ್. 2021ರ ಏಪ್ರಿಲ್ ಇಡೀ ನಮ್ಮ ಹಿತ್ತಲಲ್ಲಿ ಬೈಸಿಕೊಂಡವನೇ. ನ್ಯೂ ಇಂಗ್ಲೆಂಡಿನಲ್ಲಿ ಕೆಡಿಸಿಕೊಂಡು, ಜಾಕ್ಸನ್‌ವಿಲ್‌ನಲ್ಲಿ ಒಂದು ವರ್ಷ ಕಳೆದು, ಕೊನೆಗೆ ಇಲ್ಲಿಗೇ ಬಂದ. ಋತುವಿನ ಮೊದಲ ಪಂದ್ಯದಲ್ಲೇ ಪರ್ಡಿಯ ಕಾಲ್ಬೆರಳಿಗೆ ಪೆಟ್ಟಾಯಿತು. ಹಲವು ವಾರ ಜೋನ್ಸ್ ಆಡಿದ, ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ನವೆಂಬರಿನಲ್ಲಿ ಪರ್ಡಿ ಮರಳಿದ. ಜೋನ್ಸ್ ಟೋಪಿ ಹಾಕಿಕೊಂಡು, ಕಾಗದ ಹಿಡಿದು, ಗೆರೆಯಾಚೆ ನಿಂತ. ಪರ್ಡಿಯ ಒಂದು ಪಾಸು ಯಾರಿಗೂ ಸಿಗದೆ ನೆಲಕ್ಕೆ ಬಿದ್ದದ್ದೇ ತಡ, ಸೋಫಾದ ಆ ತುದಿಯಿಂದ ದನಿ ಬಂತು.

"ಆ ಮ್ಯಾಕ್‌ನ್ನ ಯಾಕ ಕೂಡಿಸ್ಯಾರ್ರಿ ಹೊರಗ? ಎಂಥಾ ಶಾಣ್ಯಾ ಹುಡುಗ!"

"ಅವನು ಓಡಿದರೆ ನಿಮ್ಮ ಅಜ್ಜ ಹಿಡೀತಾರೆ ಅಂದಿದ್ರಿ," ಎಂದೆ.

"ಅಜ್ಜಗ ಈಗ ವಯಸ್ಸಾತ್ರಿ."

ಮೈಸೂರಿನವನು ಫೋನಿನಿಂದ ತಲೆಯೆತ್ತಿದ. ಅವನ ಪ್ರಕಾರ ಇಬ್ಬರೂ ಬೇಡ. ಆ ವರ್ಷ ಏಳನೇ ಸುತ್ತಿನಲ್ಲಿ ಕರ್ಟಿಸ್ ರೂರ್ಕ್ ಎಂಬ ಕೆನಡಾದ ಹುಡುಗನನ್ನು ತೆಗೆದುಕೊಂಡಿದ್ದಾರೆ, ಮಂಡಿಯ ಆಪರೇಷನ್ ಆಗಿ ಇನ್ನೂ ಅಂಕಣಕ್ಕೆ ಇಳಿದಿಲ್ಲ, ನೋಡುತ್ತಿರಿ ಎಂದ. ಸ್ಯಾಂಪಲ್ ಸೈಜು ಎಷ್ಟಪ್ಪಾ ಎಂದು ನಾನು ಕೇಳಿದೆ. ಅವನು ಉತ್ತರ ಕೊಡುವ ಮೊದಲೇ ಧಾರವಾಡದವರು ಕುರ್ಚಿ ಮುಂದಕ್ಕೆಳೆದುಕೊಂಡು, ಹೈಲೈಟ್ಸ್ ಇದ್ರ ಇತ್ತ ತೋರಸ್ರಿ ಎಂದರು.